ಮೊದಲನೇ ಅಧ್ಯಾಯ ಅಲ್ಲೇ ಇರ್ಲಿ ಬಿಡಿ

ಸಾಗರ ತಾಲೂಕಿನ ಓದುಗರೊಬ್ರು, ಹೆಸರು ಹಾಕ್ಬೇಡಿ ಅಂತ ಹೇಳಿ, ಹೀಗೆ ಬರ್ದಿದಾರೆ: "ನನಗೀಗ 44. ಅಡಿಕೆ ತೋಟದ ಮನೆಯೊಂದರ ಕಥೆನ ಕಾದಂಬರಿ ಮಾಡ್ಬೇಕು ಅಂತ ಮೂರು ವರ್ಷದಿಂದ ಕೂತಿದೀನಿ. ಮೊದಲನೇ ಅಧ್ಯಾಯ 11 ಸಲ ತಿದ್ದಿದೀನಿ, ಎರಡನೇದು ಮುಗೀತಾನೇ ಇಲ್ಲ. ಒಂದು ಆನ್‌ಲೈನ್ ಕೋರ್ಸಿಗೆ 12,000 ಕೇಳ್ತಿದಾರೆ, ಸೇರ್ಲಾ? ಈ ವಯಸ್ಸಲ್ಲಿ ಇದೆಲ್ಲ ಕಲಿಯೋಕಾಗತ್ತಾ?"

ವಯಸ್ಸಿನ ವಿಷಯ ಮೊದ್ಲು ಹೇಳ್ಬಿಡ್ತೀನಿ. ನಿಮ್ಮ ಜಿಲ್ಲೆಯವರೇ, ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದಿದ್ದು 1963ರಲ್ಲಿ. ಲೆಕ್ಕ ನೀವೇ ಹಾಕಿ. ಹನ್ನೆರಡನೇ ವಯಸ್ಸಿಗೇ ಮದುವೆಯಾಗಿ ಸಂಸಾರ ತೂಗಿಸ್ಕೊಂಡು ಬಂದ ಹೆಣ್ಮಗಳು ಅವರು, ಅಷ್ಟು ವರ್ಷ ನೋಡಿದ್ದು ಕೇಳಿದ್ದು ಯಾವ್ದೂ ವ್ಯರ್ಥ ಆಗ್ಲಿಲ್ಲ.

ಪತ್ರದ ಜತೆಗೇ ಅಧ್ಯಾಯಾನೂ ಕಳಿಸಿದ್ದು ಒಳ್ಳೇದಾಯ್ತು, ಎರಡನ್ನೂ ಒಂದೇ ಸಂಜೆ ಕೂತು ಓದ್ದೆ. ಅಧ್ಯಾಯದಲ್ಲಿ ಒಂದು ಸಾಲಿದೆ, "ಮಗನ ಮಾತು ಕೇಳಿ ಗೌರಮ್ಮನ ಹೃದಯದಲ್ಲಿ ವೇದನೆಯ ಅಲೆಗಳೆದ್ದವು" ಅಂತ. ಇನ್ನು ಪತ್ರದ ಎರಡನೇ ಪುಟದಲ್ಲಿ, ಸುಮ್ನೆ ಮಾತಿಗೆ ಬಂತು ಅಂತ ಬರ್ದಿದೀರಿ: "ನಮ್ಮತ್ತೆ ಅಡಿಕೆ ಸುಲೀತಾ ಮಾತು ನಿಲ್ಸಿದ್ರು ಅಂದ್ರೆ ಸಿಟ್ಟು ಬಂದಿದೆ ಅಂತ ಅರ್ಥ. ಕೈ ಮಾತ್ರ ನಿಲ್ಲಲ್ಲ, ಮೆಟ್ಟುಗತ್ತಿ ಸದ್ದು ಜೋರಾಗತ್ತೆ." ಇದನ್ನ ಓದಿ ನಾನು ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಿಮ್ಮ ಕಾದಂಬರಿ ಇಲ್ಲಿದೆ ನೋಡಿ! ಗೌರಮ್ಮಂಗೆ ವೇದನೆ ಆಯ್ತು ಅಂತ ನೀವು ಹೇಳ್ಬೇಕಾಗೇ ಇಲ್ಲ, ಮಗ ಬೆಂಗಳೂರಿಗೆ ಹೋಗ್ತೀನಿ ಅಂದ, ಸುಲೀತಾ ಕೂತ ಹೆಂಗಸರೆಲ್ಲ ಒಂದ್ಸಲ ತಲೆ ಎತ್ತಿದ್ರು, ಗೌರಮ್ಮ ಎತ್ತಲಿಲ್ಲ, ಸದ್ದು ಮಾತ್ರ ಜೋರಾಯ್ತು, ಅಷ್ಟು ಸಾಕು. ಪತ್ರ ಬರೆಯೋವಾಗ ನೀವು ನೀವಾಗಿದ್ರಿ, ಕಾದಂಬರಿ ಅಂತ ಪೆನ್ ಹಿಡಿದ ತಕ್ಷಣ ಎಲ್ಲೋ ಓದಿದ ಭಾಷೆ ಬಂದು ಕೂತ್ಕೊಂಡಿದೆ. ದೇವನೂರ ಮಹಾದೇವ ಅವರು ನಂಜನಗೂಡು ಸೀಮೆಯ ಮಾತಲ್ಲೇ 'ಕುಸುಮಬಾಲೆ' ಕಾದಂಬರಿ ಬರೆದು ಪ್ರಕಟಿಸಿದ್ದು 1980ರ ದಶಕದಲ್ಲಿ, ಆಡುಮಾತು ಇಡೀ ಕಾದಂಬರಿ ಹೊರಬಲ್ಲದು ಅಂತ ಕನ್ನಡದಲ್ಲಿ ಆವತ್ತೇ ತೀರ್ಮಾನ ಆಗಿದೆ, ನೀವು ಹೆದರ್ಕೋಬೇಡಿ. ಚೊಗರು, ಅಂದ್ರೆ ಅಡಿಕೆಯ ಕರೆ, ಹತ್ತಿದ ಬೆರಳಿನ ಕಪ್ಪು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ, ನಾನು ಓದೋದು ಅದಕ್ಕೇ.

ಇನ್ನೊಂದು ವಿಷಯ. ಅಡುಗೆಮನೆ ದೃಶ್ಯದಲ್ಲಿ ಎರಡೇ ಪುಟದೊಳಗೆ ಗೌರಮ್ಮ, ಮಗ, ಸೊಸೆ, ಭಾವ, ಕೊನೆಗೆ ಕೆಲಸದ ಹುಡುಗನ ಮನಸ್ಸೊಳಗೂ ಹೋಗಿ ಬಂದಿದೀರಿ, ಯಾರ ಜತೆ ನಿಲ್ಲಬೇಕು ಅಂತ ನನಗೆ ಗೊತ್ತಾಗ್ಲಿಲ್ಲ. ಆ ದೃಶ್ಯ ಪೂರ್ತಿ ಸೊಸೆ ಕಣ್ಣಿಂದ ಬರೀರಿ. ಅವಳು ಹೊಸಬಳು, ಯಾರ ಮೌನಕ್ಕೆ ಏನರ್ಥ ಅಂತ ಅವಳಿಗೂ ಗೊತ್ತಿಲ್ಲ, ಓದುಗರಿಗೂ ಗೊತ್ತಿಲ್ಲ, ಇಬ್ರೂ ಒಟ್ಟಿಗೇ ಕಲೀತಾ ಹೋಗ್ತಾರೆ.

ಆದ್ರೆ ಇದನ್ನ ಈಗ್ಲೇ ತಿದ್ದೋಕೆ ಕೂತ್ಕೋಬೇಡಿ, ಕೈ ಮುಗಿದು ಕೇಳ್ತೀನಿ. ಒಂದು ಕಾಗದದಲ್ಲಿ ನೋಟ್ ಮಾಡಿಟ್ಟು ಎರಡನೇ ಅಧ್ಯಾಯಕ್ಕೆ ಹೋಗಿ. ನಮ್ಮ ಟೇಬಲ್ಲಿಗೆ ಬರೋ ಮೊದಲ ಕಾದಂಬರಿಗಳಲ್ಲಿ ಎಷ್ಟೋ ಸಲ ಮೊದಲ 20 ಪುಟ ಫಳಫಳ ಹೊಳೀತಿರತ್ತೆ, ಆಮೇಲೆ ಬಂಡಿ ನಿಂತೇ ಹೋಗತ್ತೆ, ಯಾಕಂದ್ರೆ ಬರೆದವರ ಶಕ್ತಿ ಎಲ್ಲ ಅಲ್ಲೇ ಖರ್ಚಾಗಿರತ್ತೆ. ಮೊದಲನೇ ಅಧ್ಯಾಯದಲ್ಲಿ ಏನಿರ್ಬೇಕು ಅಂತ ಕೊನೇ ಅಧ್ಯಾಯ ಬರೆದ ಮೇಲೆ ತಾನೇ ಗೊತ್ತಾಗೋದು? ಗೌರಮ್ಮ ಕಡೆಗೆ ಮಗನ ಜತೆ ಹೋಗ್ತಾಳೋ, ತೋಟದಲ್ಲೇ ಉಳೀತಾಳೋ ನಿಮಗೇ ಇನ್ನೂ ತೀರ್ಮಾನ ಆಗಿಲ್ಲ, ಹಾಗಿದ್ಮೇಲೆ ಈ 11 ಸಲ ತಿದ್ದಿದ್ದು ಯಾವ ಕಥೆಯ ಶುರುವನ್ನ?

80,000 ಪದ ಆಗ್ಬೇಕಂತಲ್ಲ ಅಂತಾನೂ ಕೇಳಿದೀರಿ. ಅದು ಇಂಗ್ಲಿಷಿನ ಲೆಕ್ಕ. ನಮ್ಮಲ್ಲಿ "ಹೋಗಬೇಕಾಗಿತ್ತಂತೆ" ಅನ್ನೋದು ಒಂದೇ ಪದ, ಅದನ್ನೇ ಇಂಗ್ಲಿಷಲ್ಲಿ ಹೇಳೋಕೆ ಐದಾರು ಪದ ಬೇಕು. ದಿನಕ್ಕೆ 300 ಪದ ಬರೀರಿ, ಅಷ್ಟೇ, 100 ದಿನಕ್ಕೆ 30,000 ಆಗತ್ತೆ, ಒಂದು ಚಿಕ್ಕ ಕಾದಂಬರಿಗೆ ಧಾರಾಳ ಸಾಕು. ಕೆಟ್ಟದಾಗಿ ಬಂದ್ರೂ ಬರೀರಿ. ಯಾವ್ದೋ ದಿನ ಆಗ್ಲಿಲ್ಲ ಅಂದ್ರೆ ಪರವಾಗಿಲ್ಲ, ಮಾರನೇ ದಿನ ಹಿಂದಿಂದು ಓದ್ದೇ ಮುಂದುವರೀರಿ.

ಕೋರ್ಸ್ ಈಗ ಬೇಡ. ಆ ದುಡ್ಡಲ್ಲಿ ಪುಸ್ತಕ ತಗೊಳ್ಳಿ, ಇಷ್ಟವಾದ ಒಂದು ಕಾದಂಬರಿನ ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡ್ಕೊಂಡು ಪ್ರತಿ ಅಧ್ಯಾಯ ಎಲ್ಲಿ ಶುರುವಾಯ್ತು, ಎಲ್ಲಿ ಬಿಟ್ರು, ಯಾರ ಕಣ್ಣಿಂದ ಹೇಳಿದ್ರು ಅಂತ ಬರ್ಕೊಳ್ಳಿ. ಜತೆಗೆ ಓದೋರು, ಮಾತಾಡೋರು ಬೇಕು ಅನ್ಸಿದ್ರೆ ನಿಮ್ಮ ತಾಲೂಕಲ್ಲೇ ಹೆಗ್ಗೋಡು ಇದೆಯಲ್ಲ, ಅಲ್ಲಿನ ನಾಟಕ-ಸಂಸ್ಕೃತಿ ಸಂಸ್ಥೆ ನೀನಾಸಂ ಕಡೆ ಹೋಗಿ ಬನ್ನಿ.

ಈ ಸಲದ ಸುಗ್ಗಿ ಮುಗಿದು ಮೆಟ್ಟುಗತ್ತಿ ಅಟ್ಟ ಸೇರೋ ಹೊತ್ತಿಗೆ ನನಗೆ ಒಂದು ಅಧ್ಯಾಯ ಕಳಿಸಿ. ಮೊದಲನೇದಲ್ಲ, ಕೊನೇದು.