ಕ್ಲಿಪ್ ಹಾಕುವುದು ಕಷ್ಟ ಎಂದಿದ್ದಾರಾ? ಯಾಕೆ ಎಂದು ಮೊದಲು ಕೇಳಿ

ತಂದೆಯವರ ಮಿದುಳಿನ ಅನ್ಯೂರಿಸಂಗೆ, ಅಂದರೆ ರಕ್ತನಾಳದ ಉಬ್ಬಿಗೆ, ಕ್ಲಿಪ್ ಹಾಕುವುದು ಕಷ್ಟವಂತೆ, ಬೇರೆ ದಾರಿ ಉಂಟಾ ಎಂದು ಕೇಳಿದ್ದೀರಿ. ಉಂಟು. ನಾನು ಡಾಕ್ಟರಲ್ಲ, ಬದಿಯಡ್ಕದ ಅಡಿಕೆ ಕೃಷಿಕ. ನನ್ನ ಅಮ್ಮನಿಗೂ ಇದೇ ಮಾತು ಹೇಳಿದ್ದರು. ಆ ರಾತ್ರಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಯಾಕೆ ಕಷ್ಟ ಎಂದು ಕೇಳಿ, ದಾರಿ ಯಾವುದೆಂಬುದು ಅದರ ಮೇಲೆ ನಿಂತಿದೆ. ತಲೆಬುರುಡೆ ತೆರೆದು, ರಕ್ತನಾಳದ ಉಬ್ಬಿನ ಕತ್ತನ್ನು ಲೋಹದ ಕ್ಲಿಪ್ಪಿನಿಂದ ಬಿಗಿಯಬೇಕು. ಕತ್ತು ಅಗಲವಿದ್ದರೆ, ಗೋಡೆ ಸುಣ್ಣಗಟ್ಟಿದ್ದರೆ, ಉಬ್ಬು 25 ಮಿಲಿಮೀಟರ್ ದಾಟಿದ್ದರೆ, ನಾಳವೇ ಉದ್ದಕ್ಕೆ ಹಿಗ್ಗಿದ್ದರೆ ಕ್ಲಿಪ್ ಸರಿಯಾಗಿ ಕೂರುವುದು ಕಷ್ಟ.

ಅಮ್ಮನ ಉಬ್ಬು ಕಣ್ಣಿನ ಹಿಂದೆ, ಮಿದುಳಿಗೆ ರಕ್ತ ಒಯ್ಯುವ ಕರೋಟಿಡ್ ನಾಳದಲ್ಲಿತ್ತು, ಅಗಲ ಕತ್ತು, ಒಡೆದಿರಲಿಲ್ಲ. ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆಗೆ ಹೋದೆವು. ಡಾಕ್ಟರು ಮಲಯಾಳದಲ್ಲಿ ವಿವರಿಸಿದ್ದನ್ನು ನಾನು ಅಮ್ಮನಿಗೆ ಹೀಗೆ ಹೇಳಿದೆ: ತೋಡು ಬದಿಯನ್ನು ಕೊರೆದು ಗುಂಡಿ ಮಾಡಿದರೆ ಕಲ್ಲು ಕಟ್ಟಿ ನೀರನ್ನು ನೇರ ಬಿಡುತ್ತೇವಲ್ಲ, ಆಮೇಲೆ ಗುಂಡಿ ತಾನಾಗಿ ಹೂಳು ತುಂಬುತ್ತದೆ. ಅದೇ ಫ್ಲೋ ಡೈವರ್ಟರ್. ತೊಡೆಯ ನಾಳದಿಂದ ತೂರಿಸಿದ ಒತ್ತು ಜಾಲರಿಯ ಕೊಳವೆ. ಉಬ್ಬಿನೊಳಗೆ ರಕ್ತ ನಿಧಾನವಾಗಿ ಹೆಪ್ಪುಗಟ್ಟಿ ತಿಂಗಳುಗಳಲ್ಲಿ ಮುಚ್ಚುತ್ತದೆ. ಅಮ್ಮ ತಲೆಯಾಡಿಸಿ, "ಹಾಗಾದರೆ ಮಾಡಿಸುವ" ಎಂದರು.

ಇದರ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ಬೇಕೇ ಬೇಕು. ನಡುವೆ ನಿಲ್ಲಿಸಿದರೆ ಕೊಳವೆಯೊಳಗೇ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಹಲ್ಲು ಕೀಳಿಸುವುದಿದ್ದರೂ ಅಲ್ಲಿನ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಈಗಷ್ಟೇ ಒಡೆದ ಉಬ್ಬಿಗೆ ಫ್ಲೋ ಡೈವರ್ಟರ್ ಹಾಕಲು ಹಿಂಜರಿಯುವುದೂ ಈ ಮಾತ್ರೆಗಳ ದೆಸೆಯಿಂದಲೇ. ಅಂಥಲ್ಲಿ ಉಬ್ಬಿನೊಳಗೆ ಪ್ಲಾಟಿನಂ ಕಾಯಿಲ್, ಅಂದರೆ ತೆಳು ತಂತಿಯ ಸುರುಳಿ, ತುಂಬುವುದುಂಟು, ಕತ್ತು ಅಗಲವಿದ್ದರೆ ಬಲೂನಿನ ಆಸರೆ ಕೊಟ್ಟು. ದೊಡ್ಡ ಉಬ್ಬು ಮತ್ತೆ ತೆರೆದುಕೊಳ್ಳಬಹುದು, ಹಾಗಾಗಿ ಆಮೇಲಿನ ಆಂಜಿಯೋಗ್ರಾಂ (ರಕ್ತನಾಳದ ಚಿತ್ರ ತೆಗೆಯುವುದು) ತಪ್ಪಿಸಬಾರದು.

ಇದ್ಯಾವುದೂ ಆಗದಿದ್ದರೆ ಬೈಪಾಸ್, ಅಂದರೆ ರಕ್ತಕ್ಕೆ ಬೇರೆ ದಾರಿ ಮಾಡಿಕೊಡುವುದು. 1967ರಲ್ಲಿ ಮಿದುಳಿನ ಶಸ್ತ್ರವೈದ್ಯ ಯಾಶರ್ಗಿಲ್ ನೆತ್ತಿಯ ಚರ್ಮದ ನಾಳವನ್ನು ಮಿದುಳಿನ ನಾಳಕ್ಕೆ ಹೊಲಿದು ತೋರಿಸಿದರು. ಹೆಚ್ಚು ರಕ್ತ ಬೇಕಾದಲ್ಲಿ ಕಾಲಿನ ಅಥವಾ ಮುಂಗೈಯ ನಾಳ ಬಳಸುತ್ತಾರೆ. ಆಮೇಲೆ ಉಬ್ಬಿರುವ ಭಾಗವನ್ನೇ ಮುಚ್ಚಿಬಿಡುತ್ತಾರೆ. ಮೊದಲು ಒಂದು ಪರೀಕ್ಷೆ ಉಂಟು: ರೋಗಿ ಎಚ್ಚರವಿರುವಾಗಲೇ ಬಲೂನಿನಿಂದ ನಾಳವನ್ನು ಸ್ವಲ್ಪ ಹೊತ್ತು ಅಡ್ಡಗಟ್ಟಿ, ಮಾತು, ಕೈಕಾಲಿನ ಬಲ ನೋಡುವುದು.

ಬರೀ ರಿಪೋರ್ಟ್ ಸಾಲದು, ಆಂಜಿಯೋಗ್ರಾಂ ಸಿಡಿಯನ್ನೇ ಒಯ್ಯಿರಿ. ತಲೆ ತೆರೆಯುವವರು, ನಾಳದೊಳಗಿನಿಂದ ಮಾಡುವವರು ಇಬ್ಬರೂ ನೋಡಲಿ. ನಡುವೆ ಸಿಡಿಲು ಬಡಿದಂಥ ತಲೆನೋವು ಬಂದರೆ ಉಬ್ಬು ಒಡೆದಿರಬಹುದು, ರೈಲಿಗೆ, ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ನಮ್ಮ ಕಡೆಯವರಾದರೆ ತಲಪಾಡಿ ದಾಟಿ ನೇರ ಮಂಗಳೂರಿಗೆ ಹೊರಡಿ.