ಆಟವಾಡುವ ಮಕ್ಕಳ ಹಳೆಯ ಅಚ್ಚುಚಿತ್ರ: ಇಸವಿಯನ್ನು ನಂಬಬಹುದೇ?

ಪ್ರಶ್ನೆ: ತೋಟದಲ್ಲಿ ಮಕ್ಕಳು ಆಡುತ್ತಿರುವ, ಕೆಂಗಂದು ಬಣ್ಣದ ಅಂಡಾಕಾರದ ಚಿತ್ರವೊಂದು ನಮ್ಮಲ್ಲಿದೆ. ಕೆಳಗೆ ಹ್ಯಾಮಿಲ್ಟನ್, ಬಾರ್ಟೊಲೋಝಿ ಎಂಬ ಹೆಸರುಗಳೂ ಲಂಡನ್, 1780ರ ದಶಕದ ದಿನಾಂಕವೂ ಇವೆ. ನಿಜಕ್ಕೂ ಅಷ್ಟು ಹಳೆಯದೇ? ಕಲೆಗಳನ್ನು ತೆಗೆಯಬಹುದೇ?

ಉತ್ತರ: ಹ್ಯಾಮಿಲ್ಟನ್ ಚಿತ್ರ ಬರೆದವರು, ಬಾರ್ಟೊಲೋಝಿ ಅದನ್ನು ಅಚ್ಚಿಗಾಗಿ ತಗಡಿನಲ್ಲಿ ಕೆತ್ತಿದವರು. ಆ ದಿನಾಂಕ ಚಿತ್ರ ಮೊದಲು ಪ್ರಕಟವಾದದ್ದು, ನಿಮ್ಮ ಹಾಳೆ ಅಚ್ಚಾದದ್ದಲ್ಲ. 1735ರಲ್ಲಿ ಜಾರಿಗೆ ಬಂದ ಇಂಗ್ಲೆಂಡಿನ ಕಾನೂನಿನಂತೆ, ಕೃತಿಸ್ವಾಮ್ಯದ ಹಕ್ಕು ಬೇಕೆಂದವರು ಒಡೆಯನ ಹೆಸರನ್ನೂ ದಿನಾಂಕವನ್ನೂ ಅಚ್ಚು ಒತ್ತುವ ತಾಮ್ರದ ತಗಡಿನ ಮೇಲೆಯೇ ಕೆತ್ತಿಸಬೇಕಿತ್ತು. ಅದೇ ತಗಡಿನಿಂದ ಮೂವತ್ತು ವರ್ಷ ಬಿಟ್ಟು ಒತ್ತಿದರೂ ಹಳೆಯ ದಿನಾಂಕವೇ ಮೂಡುತ್ತದೆ. ಬಾರ್ಟೊಲೋಝಿ ಚಿತ್ರಗಳ ಮರುಮುದ್ರಣಗಳಂತೂ ಹೇರಳ. ಹೆಸರು ನೋಡಿ ಬೆಲೆ ಕಟ್ಟಬೇಡಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ಮಗುವಿನ ಕೆನ್ನೆ ನೋಡಿ. ಇದು ಸ್ಟಿಪಲ್ ಕೆಲಸ, ಅಂದರೆ ಗೆರೆಯ ಬದಲು ಚುಕ್ಕೆಗಳಿಂದಲೇ ನೆರಳು ತುಂಬುವ ಪದ್ಧತಿ. ಸೂಜಿಯಿಂದ ಕುಟ್ಟಿದ ಚುಕ್ಕೆಗಳು ಒಂದು ದಪ್ಪ, ಒಂದು ಸಣ್ಣ. ಕೆನ್ನೆಯ ತಿರುವನ್ನೇ ಹಿಂಬಾಲಿಸುತ್ತವೆ. ಚುಕ್ಕೆಗಳು ಚೌಕಳಿಯಂತೆ ಸಾಲುಗಟ್ಟಿದ್ದರೆ ಅದು ಫೋಟೋ ಆಧಾರಿತ ಮುದ್ರಣ, ಅಲ್ಲಿಗೆ ಮಾತು ಮುಗಿಯಿತು. ಚುಕ್ಕೆಗಳು ಸರಿಯಿದ್ದೂ ಕೆನ್ನೆ, ಹಣೆ ಬೋಳಾಗಿ, ಕೂದಲು ಮತ್ತು ಮರದ ಕಪ್ಪು ಮಾತ್ರ ಗಾಢವಾಗಿದ್ದರೆ ಸವೆದ ತಗಡಿನ ಪ್ರತಿ. ತಾಮ್ರ ಮೆದು, ಆಳವಿಲ್ಲದ ಚುಕ್ಕೆಗಳು ಮೊದಲು ಅಳಿಯುತ್ತವೆ.

ಬಣ್ಣಗಳಿದ್ದರೆ ಚುಕ್ಕೆಗಳ ನಡುವಿನ ಜಾಗ ನೋಡಿ. ಆಗ ಒಂದೇ ತಗಡಿಗೆ ಬಟ್ಟೆಯುಂಡೆಯಿಂದ ಬೇರೆಬೇರೆ ಬಣ್ಣದ ಶಾಯಿ ಒತ್ತಿ ಅಚ್ಚು ಹಾಕುತ್ತಿದ್ದರು. ಚುಕ್ಕೆಯೇ ಗುಲಾಬಿ, ನಡುವೆ ಬರಿಯ ಕಾಗದ. ನಡುವೆಯೂ ಬಣ್ಣ ಹರಡಿದ್ದರೆ ಕುಂಚದಿಂದ ಹಚ್ಚಿದ್ದು.

ಇನ್ನು ಕಾಗದ. ಚೌಕಟ್ಟಿನಿಂದ ಬಿಡಿಸಿ ಬೆಳಕಿಗೆ ಹಿಡಿಯಿರಿ. ಕಾಗದದೊಳಗೇ ಮೂಡಿದ ಜಲಚಿಹ್ನೆಯಲ್ಲಿ ಇಂಗ್ಲೆಂಡಿನ ಕಾಗದ ತಯಾರಕ ವಾಟ್‌ಮನ್ ಹೆಸರಿನ ಜತೆ 1794 ಅಥವಾ ನಂತರದ ಇಸವಿ ಕಂಡರೆ ಹಾಳೆ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ತಗಡು ಒತ್ತಿದ ತಗ್ಗು ಚಿತ್ರದ ಸುತ್ತ ಬೆರಳಿಗೆ ಸಿಗಬೇಕು, ಆದರೆ ಅದೊಂದೇ ಸಾಕ್ಷಿಯಲ್ಲ: ಖಾಲಿ ತಗಡು ಒತ್ತಿ ಸುಳ್ಳು ಗುರುತು ಮಾಡಿದವರಿದ್ದಾರೆ. ಅಂಚು ಕತ್ತರಿಸಿದ ಅಸಲಿ ಪ್ರತಿಗಳಲ್ಲಿ ಅದು ಇರುವುದೂ ಇಲ್ಲ.

ಕಂದು ಕಲೆಗಳಿಗೆ ದಯವಿಟ್ಟು ಬ್ಲೀಚಿಂಗ್ ಪುಡಿ ಮುಟ್ಟಿಸಬೇಡಿ. ಕಾಗದದ ನಾರು ಸಾಯುತ್ತದೆ. ಒದ್ದೆ ಹತ್ತಿಯೂ ಬೇಡ, ಕುಂಚದ ಜಲವರ್ಣ ಎದ್ದುಬರುತ್ತದೆ. ಕಲೆ ತೆಗೆಯುವುದು ಕಾಗದ ಸಂರಕ್ಷಣೆ ಬಲ್ಲವರ ಕೆಲಸ. ಹಿಂದಿನ ಹಳೆಯ ರಟ್ಟು ತೆಗೆಸಿ ಆಮ್ಲರಹಿತ ರಟ್ಟು ಹಾಕಿಸಿ, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಕಿಟಕಿ ಕೊರೆದ ರಟ್ಟು ಇಡಿಸಿ. ಮಳೆಗಾಲದಲ್ಲಿ ಹೊರಗೋಡೆಗೆ ತೂಗಹಾಕಬೇಡಿ.