‘ಪೆಟ್ರೋಲ್ ವಾಶ್’ ಅನ್ನುವ ತಪ್ಪು ಹೆಸರು

ಇಳಕಲ್ಲಿನ ಓದುಗಿಯೊಬ್ಬರು ಕೇಳಿದ್ದಾರೆ: “ರೇಷ್ಮೆ ಸೆರಗಿಗೆ ಒಗ್ಗರಣೆ ಎಣ್ಣೆ ಸಿಡಿದಿದೆ. ಲಾಂಡ್ರಿಯವರು ಪೆಟ್ರೋಲ್ ವಾಶ್ ಅನ್ನುತ್ತಾರೆ. ಬೈಕಿನ ಪೆಟ್ರೋಲಿನಿಂದ ಮನೆಯಲ್ಲೇ ಒರೆಸಬಹುದೇ? ನಾಫ್ತಾ ಅಂದರೆ ನುಸಿಗುಳಿಗೆಯೇ?”

ಅಕ್ಕಾರ, ಪೆಟ್ರೋಲಿಗೆ ಜಿಡ್ಡು ಬಿಡುವುದು ನಿಜ. ಅದರ ಹೊಗಳಿಕೆ ಅಲ್ಲಿಗೆ ಮುಗಿಯಿತು. ಪಂಪಿನ ಪೆಟ್ರೋಲು ಎಂಜಿನ್ನಿಗೆಂದು ಬೆರೆಸಿದ ಸರಕು. ಈಗ ಅದರಲ್ಲಿ ಶೇ. 20ರಷ್ಟು ಎಥನಾಲ್ ಇದೆ, ನಮ್ಮ ಕಬ್ಬು, ಮೆಕ್ಕೆಜೋಳದಂಥ ಬೆಳೆಗಳಿಂದ ತೆಗೆಯುವಂಥದ್ದು. ಎಥನಾಲಿಗೆ ಕೆಲವು ಬಣ್ಣ ಕರಗುತ್ತವೆ. ಕೆಂಪು ಸೆರಗಿನ ಬಣ್ಣ ಸೀರೆಯ ಒಡಲಿಗೆ ಹತ್ತೀತು. ಕ್ಯಾನ್ಸರ್ ತರುವ ಬೆಂಜೀನೂ ಶೇ. 1ರವರೆಗೆ ಇರಬಹುದು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲು ಕಿಡಿಗೆ ಹೊತ್ತುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ದೇವರ ದೀಪದವರೆಗೂ ಹರಿಯುತ್ತದೆ.

ನಾಫ್ತಾ ಒಂದೇ ವಸ್ತುವಲ್ಲ. ಕಚ್ಚಾತೈಲ ಕಾಯಿಸಿದಾಗ ಸುಮಾರು 30ರಿಂದ 200 ಡಿಗ್ರಿಯೊಳಗೆ ಆವಿಯಾಗಿ ಇಳಿಯುವ ಭಾಗಕ್ಕೆಲ್ಲ ಅದೇ ಹೆಸರು. ಹಗುರಾದದ್ದನ್ನು ಒಡೆದರೆ ಎಥಿಲೀನ್, ಅದರಿಂದ ಪ್ಲಾಸ್ಟಿಕ್ಕು. ಭಾರದ್ದರಿಂದ ಪೆಟ್ರೋಲೂ ಆಗುತ್ತದೆ, ಪಾಲಿಯೆಸ್ಟರ್ ನೂಲಿನ ಮೂಲವಸ್ತುವೂ ಸಿಗುತ್ತದೆ. ನುಸಿಗುಳಿಗೆಯ ನ್ಯಾಫ್ತಲೀನ್ ಬೇರೆ, ಅದು ಗಟ್ಟಿ ಪದಾರ್ಥ. ಕಲ್ಲಿದ್ದಲ ಡಾಂಬರಿನ ದ್ರವಕ್ಕೂ ಹಿಂದೆ ನಾಫ್ತಾ ಅನ್ನುತ್ತಿದ್ದರು; 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಮಳೆಯಂಗಿಗೆಂದು ರಬ್ಬರ್ ಕರಗಿಸಿದ್ದು ಅದರಲ್ಲೇ.

ಲಾಂಡ್ರಿಯವರು ಪೆಟ್ರೋಲ್ ಅನ್ನುವುದು ಹೆಚ್ಚಾಗಿ ಮಿನರಲ್ ಟರ್ಪೆಂಟೈನಿಗೆ. ಅದು ಭಾರದ ನಾಫ್ತಾದ ಕುಲದ್ದು. 1920ರ ದಶಕದಲ್ಲಿ ಅಮೆರಿಕದ ಲಾಂಡ್ರಿಗಾರ ಸ್ಟಾಡರ್ಡ್ ಹಟ ಹಿಡಿದು, 38 ಡಿಗ್ರಿಯ ಕೆಳಗೆ ಹೊತ್ತಿಕೊಳ್ಳದ ಇಂಥ ದ್ರವವನ್ನು ಬಳಕೆಗೆ ತಂದರು. ಆದರೆ ಬಾಗಲಕೋಟೆಯ ಏಪ್ರಿಲ್ ಬಿಸಿಲೇ 40 ಮುಟ್ಟುತ್ತದೆ. ಆ ಭದ್ರತೆ ನಮ್ಮ ಮಧ್ಯಾಹ್ನಕ್ಕೆ ಸಾಲದು, ಬೆಳಗಿನ ತಂಪಿನಲ್ಲೇ ಕೆಲಸ ಮಾಡಿ.

ಮೊದಲು ಕಲೆಯ ಮೇಲೆ ಟಾಲ್ಕಂ ಪುಡಿ ಉದುರಿಸಿ ರಾತ್ರಿಯಿಡೀ ಬಿಡಿ, ಒಂದಷ್ಟು ಎಣ್ಣೆ ಅದೇ ಹೀರುತ್ತದೆ. ಬೆಳಿಗ್ಗೆ ಝಾಡಿಸಿ, ಅಂಗಳದಲ್ಲಿ ಬೆಂಕಿಯಿಂದ ದೂರ ಕುಳಿತು, ಸೆರಗಿನ ಒಳಅಂಚಿನಲ್ಲಿ ಮಿನರಲ್ ಟರ್ಪೆಂಟೈನಿನ ಒಂದು ಹನಿ ಹಚ್ಚಿ ಬಣ್ಣ ಬಿಡುತ್ತದೆಯೇ ನೋಡಿ. ಬಿಡದಿದ್ದರೆ ಕಲೆಯ ಕೆಳಗೆ ಬಿಳಿ ಹತ್ತಿ ಬಟ್ಟೆ ಮಡಚಿಟ್ಟು, ಇನ್ನೊಂದು ಬಟ್ಟೆಗೆ ಒಂದು ಚಮಚ ದ್ರವ ಹಾಕಿ, ಹೊರಗಿನಿಂದ ನಡುವಿಗೆ ಒತ್ತುತ್ತ ಬನ್ನಿ. ನಡುವೆ ಸುರಿದರೆ ಕರಗಿದ ಜಿಡ್ಡು ಅಂಚಿಗೆ ಸರಿದು ಉಂಗುರ ಕಟ್ಟುತ್ತದೆ. ಕೆಳಗಿನ ಬಟ್ಟೆ ಬದಲಿಸುತ್ತಿರಿ. ತಿಕ್ಕಬೇಡಿ: ರೇಷ್ಮೆ ತಿಕ್ಕಿದರೆ ವಿದ್ಯುತ್ ಹುಟ್ಟಿ ಕಿಡಿ ಹಾರಬಹುದು. ನೆರಳಲ್ಲಿ ಒಣಗಿಸಿ, ವಾಸನೆ ಪೂರ್ತಿ ಹೋಗುವ ತನಕ ಇಸ್ತ್ರಿ ಮುಟ್ಟಿಸಬೇಡಿ. ಒರೆಸಿದ ಬಟ್ಟೆಯನ್ನೂ ಮುದ್ದೆಮಾಡದೆ ಹೊರಗೆ ಹರಡಿ. ಚಹಾ, ಬೆವರಿನ ಕಲೆಗೆ ಇದರಿಂದ ಪ್ರಯೋಜನವಿಲ್ಲ, ಅದಕ್ಕೆ ನೀರೇ ಬೇಕು.

ನೀವು ಕೇಳಿ ಒಳ್ಳೆಯದು ಮಾಡಿದಿರಿ. ಪೆಟ್ರೋಲು, ಥಿನ್ನರು, ಚಿಮಣಿ ಎಣ್ಣೆ, ಎಲ್ಲಕ್ಕೂ ನಾವು ಎಣ್ಣೆ ಅಂದು ಸುಮ್ಮನಾಗುತ್ತೇವೆ. ಒಗ್ಗರಣೆ ಎಣ್ಣೆಯ ಪಾಕೀಟಿನ ಮೇಲೆ ಕನ್ನಡ ಸಿಗುತ್ತದೆ, ಮನೆ ಸುಡಬಲ್ಲ ಡಬ್ಬಿಯ ಮೇಲಿನ ಎಚ್ಚರಿಕೆ ಮಾತ್ರ ಇಂಗ್ಲಿಷಿನಲ್ಲಿ, ಅದೂ ಇರುವೆಯಷ್ಟು ಅಕ್ಷರದಲ್ಲಿ. ಬಿಡಿಯಾಗಿ ಕೊಂಡರೆ ಅದೂ ಇಲ್ಲ, ನೀರಿನ ಬಾಟಲಿಗೆ ಸುರಿದು ಕೊಡುತ್ತಾರೆ. ಬಾಯಾರಿದ ಮಗು ಅದನ್ನೇ ಎತ್ತಿಕೊಳ್ಳುತ್ತದೆ. ಹಾಗೆ ಕೊಟ್ಟದ್ದನ್ನು ತರಬೇಡಿ. ಹೆಸರಿರುವ, ಸೀಲಿರುವ ಡಬ್ಬಿಯನ್ನೇ ಕೇಳಿ.